ಹಿಮ ಮೆತ್ತಗೆ, ಬ್ರಾಂದಿ ಬೆಚ್ಚಗೆ? ಮೊದಲ ಸಲ ಸ್ಕೀ ಕಟ್ಟುವವರಿಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಭಾರತ ಹುಣ್ಣಿಮೆ ಹೊತ್ತಿಗೆ ಉಗರಗೋಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳ ಸಾಲು, ಎಲ್ಲೆಲ್ಲೂ ಭಂಡಾರದ ಹಳದಿ. ಅದೇ ದಿನಗಳಲ್ಲಿ ಊರಿನ ಯಾವುದೋ ಮನೆಯ ವಾಟ್ಸಾಪ್ ಗ್ರೂಪಿಗೆ ಹೊರದೇಶದಲ್ಲಿ ಓದುತ್ತಿರುವ ಮಗನ ಫೋಟೊ ಬಂದು ಬಿತ್ತು ಎಂದುಕೊಳ್ಳಿ. ಹಿಂದೆ ಬೆಳ್ಳನೆಯ ಗುಡ್ಡ, ಕಾಲಿಗೆ ಎರಡು ಉದ್ದನೆಯ ಹಲಗೆ, ಪಕ್ಕದಲ್ಲಿ ನಾಲ್ಕು ಜನ ಗೆಳೆಯರು. ‘ನಾಳೆ ಫಸ್ಟ್ ಟೈಮ್ ಸ್ಕೀಯಿಂಗ್’ ಎಂದು ಕೆಳಗೆ ಬರೆದಿದ್ದಾನೆ. ಹತ್ತು ನಿಮಿಷದಲ್ಲಿ ಸಲಹೆಗಳು ಶುರು. ‘ತಮ್ಮಾ, ಬ್ರಾಂದಿ ಒಂದ್ ಗುಟುಕು ತಗೊ, ಥಂಡಿ ಹತ್ತಂಗಿಲ್ಲ’ ಎಂದು ಮಾಮಾ. ‘ಹಿಮ ಹತ್ತಿಯಂಗ ಇರ್ತೈತಿ, ಬಿದ್ರ ಏನೂ ಆಗೂದಿಲ್ಲ’ ಎಂದು ಕಾಕಾ. ಆ ಹೊತ್ತಿಗೆ ಯಾರೋ ಕುರ್ಚಿ ಲಿಫ್ಟ್ ಹಿಂದಕ್ಕೆ ಓಡಿ ಜನ ಹಾರಿ ಬೀಳುವ ವಿಡಿಯೊ ಹಾಕುತ್ತಾರೆ, ಅವ್ವನಿಗೆ ನಿದ್ದೆ ಇಲ್ಲ.

ಉತ್ತರ ಕರ್ನಾಟಕದಿಂದ ಓದಲು ಹೊರದೇಶಕ್ಕೆ ಹೋಗುವುದು ಈಗ ಹೊಸತಲ್ಲ. 2022ರಲ್ಲಿ ಉಕ್ರೇನ್ ಯುದ್ಧದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಸತ್ತಾಗ, ನಮ್ಮ ಹಳ್ಳಿಗಳ ಮಕ್ಕಳು ಎಲ್ಲೆಲ್ಲಿ ಓದುತ್ತಿದ್ದಾರೆ ಎಂಬುದು ಇಡೀ ನಾಡಿಗೆ ಗೊತ್ತಾಯಿತು. ವೈದ್ಯಕೀಯ ಓದಲು ಜಾರ್ಜಿಯಾ ದೇಶಕ್ಕೆ ಹೋಗುವ ಭಾರತೀಯರು ಸಾವಿರಾರು. ಅಲ್ಲಿನ ರಾಜಧಾನಿ ಟಿಬಿಲಿಸಿಯಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ ಗುಡೌರಿ ಎಂಬ ಸ್ಕೀ ತಾಣವಿದೆ. ಊರು ಇರುವುದೇ ಸುಮಾರು 2,200 ಮೀಟರ್ ಎತ್ತರದಲ್ಲಿ, ಅಂದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತಲೂ (ಸುಮಾರು 1,930 ಮೀಟರ್) ಮೇಲೆ. ಲಿಫ್ಟು ಇನ್ನೂ ಒಂದು ಸಾವಿರ ಮೀಟರ್ ಮೇಲಕ್ಕೆ ಒಯ್ಯುತ್ತದೆ. ಚಳಿಗಾಲದ ರಜೆಯಲ್ಲಿ ಗೆಳೆಯರೆಲ್ಲ ಸೇರಿ ಹೋಗಿಬರುವಷ್ಟು ಹತ್ತಿರ, ಯುರೋಪಿನ ಆಲ್ಪ್ಸ್‌ಗೆ ಹೋಲಿಸಿದರೆ ಖರ್ಚೂ ಕಡಿಮೆ.

ಆ ಲಿಫ್ಟ್ ವಿಡಿಯೊದಿಂದಲೇ ಶುರು ಮಾಡೋಣ. ಅದು ಸುಳ್ಳಲ್ಲ, ಗುಡೌರಿಯದೇ. 2018ರ ಮಾರ್ಚ್ 16ರಂದು ವಿದ್ಯುತ್ ಹೋದ ಬಳಿಕ ಅಲ್ಲಿನ ಒಂದು ಕುರ್ಚಿ ಲಿಫ್ಟ್ ವೇಗವಾಗಿ ಹಿಮ್ಮುಖ ಓಡಿತು, ಕೂತಿದ್ದವರು ಕೆಳಕ್ಕೆ ಹಾರಿದರು. ಹತ್ತರ ಆಸುಪಾಸು ಜನರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಆದರೆ ಪ್ರತಿ ಚಳಿಗಾಲ ಅದೇ ವಿಡಿಯೊ ‘ನಿನ್ನೆ ನಡೆದ ಭೀಕರ ದುರಂತ, ಹಲವರ ಸಾವು’ ಎಂಬ ಸಾಲಿನೊಂದಿಗೆ ಬರುತ್ತದೆ, ಊರಿನ ಹೆಸರು ಮಾತ್ರ ಬದಲಾಗಿರುತ್ತದೆ. ಲೆಕ್ಕ ಬೇಕಿದ್ದರೆ ಅಮೆರಿಕದ್ದು ನೋಡಿ. ಅಲ್ಲಿ ಒಂದು ಚಳಿಗಾಲದಲ್ಲಿ ಸುಮಾರು ಐದೂವರೆಯಿಂದ ಆರು ಕೋಟಿ ಸಲ ಜನ ಸ್ಕೀ ತಾಣಗಳಿಗೆ ಹೋಗಿ ಬರುತ್ತಾರೆ. ಅಲ್ಲಿ ಆಗುವ ಸಾವು ವರ್ಷಕ್ಕೆ ಸರಾಸರಿ ನಲವತ್ತರ ಸುತ್ತಮುತ್ತ, ಅದರಲ್ಲಿ ಲಿಫ್ಟಿನಿಂದ ಆಗುವುದು ತೀರಾ ವಿರಳ. ಗಾಯವಾಗಿ ಚಿಕಿತ್ಸೆ ಬೇಕಾಗುವುದು ಸಾವಿರ ಜನ ಒಂದು ದಿನ ಸ್ಕೀ ಮಾಡಿದರೆ ಎರಡು ಮೂರು ಮಂದಿಗೆ. ಹೊಸಬರಲ್ಲಿ ಇದು ಹೆಚ್ಚು. ಸಾವಿಗಿಂತ ಮೊಣಕಾಲಿನ ಬಗ್ಗೆ ಹೆಚ್ಚು ಚಿಂತಿಸಬೇಕಾದ ಆಟ ಇದು.

ಜಾರುವುದು ಯಾಕೆ?

‘ಮೈತೂಕದ ಒತ್ತಡಕ್ಕೆ ಹಲಗೆಯ ಕೆಳಗಿನ ಹಿಮ ಕರಗಿ ನೀರಾಗುತ್ತದೆ, ಅದಕ್ಕೇ ಜಾರುತ್ತದೆ’ ಎಂಬ ವಿವರಣೆಯನ್ನು ಶಾಲೆಯಲ್ಲಿ ಓದಿದವರು ಬಹಳ. ಒತ್ತಡ ಹಾಕಿದರೆ ಮಂಜುಗಡ್ಡೆ ಸ್ವಲ್ಪ ಬೇಗ ಕರಗುತ್ತದೆ ಎಂಬುದು ನಿಜ. ಆದರೆ ಎಷ್ಟು? 70 ಕಿಲೋ ತೂಕದ ಹುಡುಗ ಒಂದೂವರೆ ಮೀಟರ್‌ಗೂ ಉದ್ದದ ಎರಡು ಹಲಗೆಗಳ ಮೇಲೆ ನಿಂತಿದ್ದಾನೆ. ತೂಕ ಇಡೀ ಹಲಗೆಗೆ ಹಂಚಿಹೋಗುವುದರಿಂದ ಅವನು ಹಾಕುವ ಒತ್ತಡ ವಾತಾವರಣದ ಒತ್ತಡದ ಶೇ 3ರಷ್ಟೂ ಆಗುವುದಿಲ್ಲ. ಇಷ್ಟರಿಂದ ಕರಗುವ ಬಿಂದು ಇಳಿಯುವುದು ಒಂದು ಡಿಗ್ರಿಯ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹೊರಗೆ ಮೈನಸ್ 8 ಡಿಗ್ರಿ ಇರುವಾಗ ಇದರಿಂದ ಏನೂ ಕರಗುವುದಿಲ್ಲ.

ಮೈಕೆಲ್ ಫ್ಯಾರಡೆ 1850ರಲ್ಲೇ ಮಂಜುಗಡ್ಡೆಯ ಮೇಲ್ಮೈ ಒಳಭಾಗದಂತೆ ಗಟ್ಟಿಯಲ್ಲ, ಅಲ್ಲಿ ನೀರಿನಂಥ ತೆಳ್ಳನೆಯ ಪದರ ಇರುತ್ತದೆ ಎಂದು ವಾದಿಸಿದ್ದರು. ಮೇಲ್ತುದಿಯ ಅಣುಗಳಿಗೆ ಒಂದು ಕಡೆ ಹಿಡಿದುಕೊಳ್ಳಲು ಯಾರೂ ಇಲ್ಲದ ಕಾರಣ ಅವು ಸಡಿಲವಾಗಿರುತ್ತವೆ. ಇದರ ಜತೆಗೆ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲಿ ತೋರಿಸಿದ್ದು ತಿಕ್ಕಾಟದ ಕೆಲಸ. ಹಲಗೆ ಉಜ್ಜುವ ಬಿಸಿಗೆ ಹಿಮದ ಹರಳುಗಳ ತುದಿ ಕರಗಿ ಹನಿ ನೀರಾಗುತ್ತದೆ, ಆ ನೀರೇ ಎಣ್ಣೆಯಂತೆ ಕೆಲಸ ಮಾಡುತ್ತದೆ. ಚಳಿ ವಿಪರೀತವಾದರೆ ಈ ನೀರು ಹುಟ್ಟುವುದು ಕಡಿಮೆ. ಅದಕ್ಕೇ ಧ್ರುವ ಪ್ರದೇಶಕ್ಕೆ ಹೋದವರು ತೀರಾ ಕೊರೆಯುವ ದಿನ ಜಾರುಬಂಡಿ ಎಳೆಯುವುದು ಮರಳಲ್ಲಿ ಎಳೆದಂತೆ ಎಂದು ಬರೆದಿಟ್ಟಿದ್ದಾರೆ.

ಇದರಲ್ಲಿ ಹೊಸಬರಿಗೆ ಬೇಕಾದ ಮಾತು ಒಂದಿದೆ. ಹಲಗೆ ನೇರ ಇಳಿಜಾರಿಗೆ ಮುಖ ಮಾಡಿದ ಕೂಡಲೇ ಓಡಲು ಶುರು, ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸಲು ಕಲಿಸುವ ಮೊದಲ ಪಾಠ ಎಂದರೆ ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ, ಒಳ ಅಂಚುಗಳಿಂದ ಹಿಮವನ್ನು ಕೆರೆಯುವುದು. ಇಂಗ್ಲಿಷಿನಲ್ಲಿ ಇದರ ಹೆಸರೇ ಹಿಮದ ನೇಗಿಲು. ಎರಿ ಹೊಲದಲ್ಲಿ ನೇಗಿಲು ಆಳಕ್ಕೆ ಇಳಿದಷ್ಟೂ ಎತ್ತಿನ ನಡಿಗೆ ನಿಧಾನವಾಗುತ್ತದಲ್ಲ, ಹಾಗೆಯೇ ಇದು.

ಈಗ ಕಾಕಾನ ಹತ್ತಿಗೆ ಬರೋಣ. ಆಗಷ್ಟೇ ಬಿದ್ದ ಹಿಮ ಹತ್ತಿಯಂತೆಯೇ ಹಗುರ, ಒಂದು ಘನ ಮೀಟರ್‌ಗೆ 50ರಿಂದ 100 ಕಿಲೋ. ಆದರೆ ಸ್ಕೀ ಮಾಡುವ ದಾರಿಯನ್ನು ರಾತ್ರಿಯೆಲ್ಲ ಯಂತ್ರದಿಂದ ಒತ್ತಿ ಗಟ್ಟಿ ಮಾಡಿರುತ್ತಾರೆ, ಅಲ್ಲಿ 400-500 ಕಿಲೋಗೆ ಏರಿರುತ್ತದೆ. ಮಧ್ಯಾಹ್ನ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಬೆಳಿಗ್ಗೆ ಅದು ಮಂಜುಗಡ್ಡೆಯೇ. ಇನ್ನು ವೇಗ. ಹೊಸಬ ಹಿಡಿತ ತಪ್ಪಿದರೆ ಗಂಟೆಗೆ 30 ಕಿಲೋಮೀಟರ್ ಮುಟ್ಟುವುದು ಕಷ್ಟವೇನಲ್ಲ. ಆ ವೇಗದಲ್ಲಿ ಮರಕ್ಕೋ ಕಂಬಕ್ಕೋ ಗುದ್ದುವುದು ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ನಮ್ಮ ಕಡೆಯ ಮಾಳಿಗೆ ಮನೆಯ ಮೇಲಿಂದ ಅಂಗಳಕ್ಕೆ ಬಿದ್ದರೆ ಎಷ್ಟೋ ಅಷ್ಟು.

ಬಾಡಿಗೆ ಅಂಗಡಿಯಲ್ಲಿ ಹೇಳುವ ಸುಳ್ಳು

ಸ್ಕೀ ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು. ಹಿಂದೆ ಕಾಲನ್ನು ಹಲಗೆಗೆ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದ ಕಾಲದಲ್ಲಿ ಮೊಣಕಾಲ ಕೆಳಗಿನ ಎಲುಬು ಮುರಿಯುವುದು ಮಾಮೂಲಾಗಿತ್ತು. ನಾರ್ವೆ ಮೂಲದ ಯಾಲ್ಮಾರ್ ವಾಮ್ ಎಂಬ ಸ್ಕೀಗಾರ ಸ್ವತಃ ಕಾಲು ಮುರಿದುಕೊಂಡ ಮೇಲೆ ಬಿಚ್ಚಿಕೊಳ್ಳುವ ಬೈಂಡಿಂಗ್ ಮಾಡಿದ. ಆಮೇಲಿನ ಸುಧಾರಣೆಗಳಿಂದ ಆ ಮುರಿತ ಬಹಳ ಕಡಿಮೆಯಾಗಿದೆ.

ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಎಂಬುದನ್ನು ಅಂಗಡಿಯವರು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ ಮತ್ತು ‘ಎಷ್ಟು ಬರುತ್ತದೆ?’ ಎಂಬ ಪ್ರಶ್ನೆಗೆ ನೀವು ಕೊಟ್ಟ ಉತ್ತರ ನೋಡಿ ಹೊಂದಿಸುತ್ತಾರೆ. ಗೆಳತಿಯರ ಮುಂದೆ ತೂಕ ಹತ್ತು ಕಿಲೋ ಕಮ್ಮಿ ಹೇಳುವವರಿದ್ದಾರೆ, ‘ಚೆನ್ನಾಗಿ ಬರುತ್ತೆ’ ಎಂದು ಬಡಾಯಿ ಕೊಚ್ಚುವವರೂ ಇದ್ದಾರೆ. ಕಮ್ಮಿ ಹೇಳಿದರೆ ನಡುದಾರಿಯಲ್ಲಿ ಸುಮ್ಮನೆ ಬಿಚ್ಚಿಕೊಳ್ಳುತ್ತದೆ. ಬಡಾಯಿ ಹೇಳಿದರೆ ಬಿಚ್ಚಿಕೊಳ್ಳಬೇಕಾದಾಗ ಬಿಚ್ಚುವುದಿಲ್ಲ. ‘ಟೈಟ್ ಮಾಡಿಸ್ಕೊ, ಸೇಫ್’ ಎಂಬ ಸಲಹೆ ತಲೆಕೆಳಗಾದದ್ದು.

ಆದರೂ ಬೈಂಡಿಂಗ್‌ನಿಂದ ಪೂರ್ತಿ ತಡೆಯಲಾಗದ ಗಾಯ ಒಂದಿದೆ, ಮೊಣಕಾಲಿನ ಒಳಗಿನ ಅಡ್ಡ ತಂತು ಹರಿಯುವುದು. ಕ್ರಿಕೆಟ್, ಕಬಡ್ಡಿ ಆಟಗಾರರಿಗೆ ಆಗುವ ಅದೇ ಎಸಿಎಲ್ ಗಾಯ. ಹಿಂದಕ್ಕೆ ಬೀಳುತ್ತಿರುವಾಗ ಹೇಗಾದರೂ ನಿಲ್ಲಬೇಕೆಂದು ಕುಕ್ಕರುಗಾಲಲ್ಲೇ ಒದ್ದಾಡಿದರೆ ಹಲಗೆಯ ಹಿಂದಿನ ತುದಿ ಸಿಕ್ಕಿಕೊಂಡು ಮೊಣಕಾಲನ್ನು ತಿರುಚುತ್ತದೆ. ಅದಕ್ಕೇ ಕಲಿಸುವವರು ಹೇಳುವುದು, ಬೀಳುವುದು ಖಚಿತ ಎನಿಸಿದರೆ ಬಿದ್ದುಬಿಡಿ, ಪಕ್ಕಕ್ಕೆ ಬೀಳಿ, ಜಾರುವುದು ನಿಲ್ಲುವವರೆಗೆ ಏಳಲು ಹೋಗಬೇಡಿ. ಕೈಕೋಲನ್ನು ಹಿಡಿದುಕೊಂಡೇ ಅಂಗೈ ಊರಿ ಬಿದ್ದರೆ ಹೆಬ್ಬೆರಳ ಬುಡದ ತಂತು ಹರಿಯುತ್ತದೆ. ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಇದನ್ನು ಸ್ಕೀಗಾರನ ಹೆಬ್ಬೆರಳು ಎಂದೇ ಕರೆಯುತ್ತಾರೆ.

ಗೆಳೆಯರೇ ಕಲಿಸಿದರೆ ಸಾಲದೇ? ಬಂದ ಗೆಳೆಯ ಒಳ್ಳೆಯ ಸ್ಕೀಗಾರನಾಗಿರಬಹುದು. ಆದರೆ ಅವನಿಗೆ ಅವತ್ತು ತಾನೂ ಮೇಲೆ ಹೋಗಿ ಆಡಬೇಕಿರುತ್ತದೆ. ಹಾಗಾಗಿ ಎರಡು ಸಲ ತೋರಿಸಿ ‘ಬಾ, ಏನಾಗಲ್ಲ’ ಎಂದು ಲಿಫ್ಟ್ ಹತ್ತಿಸುತ್ತಾನೆ. ಇಳಿಯುವ ದಾರಿ ಕಲಿತಿರುವುದಕ್ಕಿಂತ ಕಡಿದಾಗಿದೆ ಎಂದು ಗೊತ್ತಾಗುವುದು ಮೇಲೆ ಹೋದ ಮೇಲೆ. ಇಲ್ಲಿ ಬಣ್ಣದ ಗೊಂದಲವೂ ಇದೆ. ಆಸ್ಟ್ರಿಯಾ, ಜರ್ಮನಿಗಳಲ್ಲಿ ನೀಲಿ ಎಂದರೆ ಸುಲಭದ ದಾರಿ. ಅಮೆರಿಕದಲ್ಲಿ ಸುಲಭದ್ದು ಹಸಿರು, ನೀಲಿ ಎಂದರೆ ಮಧ್ಯಮ. ‘ನೀಲಿ ಹಿಡಿ, ಸುಲಭ’ ಎಂಬ ಫಾರ್ವರ್ಡ್ ಮ್ಯೂನಿಕ್‌ನವನಿಗೆ ಸರಿ, ಡೆನ್ವರ್‌ನವಳಿಗೆ ತಪ್ಪು.

ತಲೆಗೆ ಪೆಟ್ಟು ಬಿದ್ದು ಎದ್ದು ನಕ್ಕರೆ

2009ರ ಮಾರ್ಚ್ 16ರಂದು ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಹೊಸಬರ ದಾರಿಯಲ್ಲಿ, ಕಲಿಸುವವರ ಜತೆಯಲ್ಲೇ ಇದ್ದಾಗ ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಎದ್ದರು, ಮಾತಾಡಿದರು, ಆಂಬುಲೆನ್ಸ್ ಬೇಡ ಎಂದರು. ಸ್ವಲ್ಪ ಹೊತ್ತಿನ ಮೇಲೆ ತಲೆನೋವು ಶುರುವಾಯಿತು. ಎರಡು ದಿನದಲ್ಲಿ ತೀರಿಕೊಂಡರು. ಆಗ ಅವರಿಗೆ 45 ವರ್ಷ.

ಸಾವಿನ ಕಾರಣ ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ತುಂಬಿದ್ದು. ಕಪಾಳದ ಮೇಲ್ಭಾಗದಲ್ಲಿ ಬುರುಡೆ ತೆಳ್ಳಗಿದೆ, ಅದರ ಒಳಬದಿಗೇ ರಕ್ತನಾಳ ಹಾದುಹೋಗಿದೆ. ಪೆಟ್ಟಿಗೆ ಅದು ಹರಿದರೆ ರಕ್ತ ನಿಧಾನವಾಗಿ ಸೇರುತ್ತ ಹೋಗುತ್ತದೆ. ಜಾಗ ಸಾಕಷ್ಟು ಇರುವವರೆಗೆ ವ್ಯಕ್ತಿ ಚೆನ್ನಾಗಿಯೇ ಇರುತ್ತಾನೆ, ಜೋಕು ಮಾಡುತ್ತಾನೆ. ಆಮೇಲೆ ಮೆದುಳು ಒತ್ತಿಕೊಳ್ಳಲು ಶುರುವಾದರೆ ಉಳಿದಿರುವ ಸಮಯ ಬಹಳ ಕಡಿಮೆ. ಬೇಗ ಆಸ್ಪತ್ರೆ ಸೇರಿ ರಕ್ತ ತೆಗೆದರೆ ಬದುಕುವವರು ಬಹಳ ಮಂದಿ. ಬಿದ್ದವನಿಗೆ ತಲೆನೋವು ಏರುತ್ತಿದ್ದರೆ, ವಾಂತಿ, ತೂಕಡಿಕೆ, ತೊದಲು, ಒಂದು ಕೈಕಾಲು ಸೋತಂತೆ ಕಂಡರೆ ‘ಮಲಗಲಿ, ಸರಿಹೋಗ್ತಾನ’ ಎನ್ನುವಂತಿಲ್ಲ. ನಮ್ಮಲ್ಲಿ ಬೈಕಿನಿಂದ ಬಿದ್ದವರ ವಿಷಯದಲ್ಲೂ ಇದೇ ಮಾತು.

ಹೆಲ್ಮೆಟ್ ಬಗ್ಗೆ ‘ಶೂಮಾಕರ್ ಹಾಕ್ಕೊಂಡಿದ್ರೂ ಉಳಿಯಲಿಲ್ಲ’ ಎಂಬ ವಾದ ಹರಿದಾಡುತ್ತದೆ. ಕಾರ್ ರೇಸ್‌ನ ಮೈಕೆಲ್ ಶೂಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ದಾರಿ ಬಿಟ್ಟು ಬಂಡೆಗಳಿರುವ ಜಾಗಕ್ಕೆ ಹೋಗಿ ಬಿದ್ದರು, ಹೆಲ್ಮೆಟ್ ಇತ್ತು, ಮೆದುಳಿಗೆ ತೀವ್ರ ಗಾಯವಾಯಿತು, ಆದರೆ ಜೀವ ಉಳಿಯಿತು. ಒಂದು ಪ್ರಕರಣದಿಂದ ಲೆಕ್ಕ ಹಾಕಲು ಬರುವುದಿಲ್ಲ. 2010ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯಲ್ಲಿ ಹೆಲ್ಮೆಟ್ ಹಾಕಿದವರಿಗೆ ತಲೆಗಾಯದ ಸಾಧ್ಯತೆ ಶೇ 35ರಷ್ಟು ಕಡಿಮೆ ಕಂಡಿತ್ತು. ಪೂರ್ತಿ ರಕ್ಷಣೆ ಅಲ್ಲ, ಆದರೆ ಬಾಡಿಗೆಗೆ ಸಿಗುವ ವಸ್ತುವಿಗೆ ಇದು ದೊಡ್ಡ ಲಾಭ.

ವಿದ್ಯಾರ್ಥಿಗಳು ಆಂಬುಲೆನ್ಸ್ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಹಣ. ಮನೆಯಲ್ಲಿ ಸಾಲ ಮಾಡಿ ಕಳಿಸಿದ್ದಾರೆ, ಬಿಲ್ ಬಂದರೆ ಅಪ್ಪನಿಗೆ ಏನು ಹೇಳುವುದು ಎಂಬ ಭಯ. ಈ ಭಯಕ್ಕೆ ಮದ್ದು ಗುಡ್ಡ ಹತ್ತುವ ಹಿಂದಿನ ದಿನವೇ ಇದೆ. ಹಲವು ಪ್ರವಾಸ ವಿಮೆಗಳು ಚಳಿಗಾಲದ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ, ಹೆಚ್ಚು ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಗುಡ್ಡದಿಂದ ಕೆಳಕ್ಕೆ ತರುವ ಖರ್ಚು, ಅದರಲ್ಲೂ ಹೆಲಿಕಾಪ್ಟರ್, ಸೇರಿದೆಯೇ ಎಂದು ಬೇರೆಯಾಗಿ ಕೇಳಬೇಕು. ಕುಡಿದು ಬಿದ್ದರೆ, ಗುರುತು ಹಾಕಿದ ದಾರಿ ಬಿಟ್ಟು ಹೋಗಿ ಬಿದ್ದರೆ ಹಣ ಕೊಡುವುದಿಲ್ಲ ಎಂಬ ಷರತ್ತೂ ಹಲವು ಕಡೆ ಇರುತ್ತದೆ.

ಬ್ರಾಂದಿ, ಜೀನ್ಸ್, ಕಂಬಳಿ

ಕುಡಿದರೆ ಮೈ ಬೆಚ್ಚಗಾದಂತೆ ಅನಿಸುವುದು ಸುಳ್ಳಲ್ಲ. ಚಳಿಗೆ ದೇಹ ಚರ್ಮದ ರಕ್ತನಾಳಗಳನ್ನು ಕಿರಿದು ಮಾಡಿ ಬಿಸಿಯನ್ನು ಒಳಗೇ ಉಳಿಸಿಕೊಂಡಿರುತ್ತದೆ. ಮದ್ಯ ಆ ನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ಹಿತವಾಗುತ್ತದೆ, ಅಲ್ಲಿಂದ ಗಾಳಿಗೆ ಹೋಗುತ್ತದೆ. ನಡುಕವೂ ಕಡಿಮೆಯಾಗುತ್ತದೆ. ನಡುಕ ಎಂದರೆ ದೇಹ ಬಿಸಿ ಹುಟ್ಟಿಸುವ ಉಪಾಯವೇ. ಹಾಗಾಗಿ ಮಾಮಾನ ಗುಟುಕಿನಿಂದ ಕೆನ್ನೆ ಬೆಚ್ಚಗೆ, ಒಡಲು ತಣ್ಣಗೆ. ಕೊರಳಿಗೆ ಬ್ರಾಂದಿ ಪೀಪಾಯಿ ಕಟ್ಟಿಕೊಂಡು ಹಿಮದಲ್ಲಿ ಸಿಕ್ಕಿದವರನ್ನು ಕಾಪಾಡುವ ನಾಯಿಯ ಚಿತ್ರ ನೋಡಿದ್ದೀರಲ್ಲ? ಅದು 1820ರಲ್ಲಿ ಎಡ್ವಿನ್ ಲ್ಯಾಂಡ್‌ಸೀರ್ ಎಂಬ ಚಿತ್ರಕಾರ ಬರೆದ ಚಿತ್ರದಿಂದ ಹಬ್ಬಿದ ಕಲ್ಪನೆ. ನಾಯಿಗಳು ನಿಜ, ಪೀಪಾಯಿ ಅಲ್ಲ.

ಬಟ್ಟೆ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರ ಕಂಬಳಿ ಗೆಲ್ಲುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಶೇ 30ರಷ್ಟು ತೇವ ಹೀರಿಕೊಂಡೂ ಒದ್ದೆ ಎನಿಸುವುದಿಲ್ಲ, ಒಳಗೆ ಗಾಳಿ ಹಿಡಿದಿಟ್ಟುಕೊಂಡಿರುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುವುದು ಇದಕ್ಕೇ. ಹತ್ತಿ ಬಟ್ಟೆ ನೀರು ಕುಡಿದು ಮೈಗೆ ಅಂಟುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿ ಕಸಿಯುತ್ತದೆ. ಹೊಸಬರು ಬೀಳುವುದು ಹೆಚ್ಚು, ಒದ್ದೆಯಾಗುವುದೂ ಹೆಚ್ಚು. ಜೀನ್ಸ್ ಪ್ಯಾಂಟು, ಹತ್ತಿ ಕಾಲುಚೀಲ ಬೇಡ. ಬೆರಳು ಬಿಳಿಚಿ ಜೋಮು ಹಿಡಿದರೆ ಹಿಮದಿಂದ ತಿಕ್ಕುವುದು, ಬೆಂಕಿಗೆ ಒಡ್ಡುವುದು ಎರಡೂ ತಪ್ಪು. ಹೆಪ್ಪುಗಟ್ಟಿದ ಚರ್ಮ ತಿಕ್ಕಿದರೆ ಹರಿಯುತ್ತದೆ, ಸ್ಪರ್ಶವಿಲ್ಲದ ಬೆರಳು ಸುಟ್ಟರೂ ತಿಳಿಯುವುದಿಲ್ಲ. ಒಳಗೆ ಬಂದು 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಲ್ಲಿ ಇಡಬೇಕು, ವೈದ್ಯರಿಗೆ ತೋರಿಸಬೇಕು.

‘ನಮ್ಮದು ಕಪ್ಪು ಮೈ, ಚಳಿಯಲ್ಲಿ ಯಾವ ಬಿಸಿಲು?’ ಎನ್ನುವವರಿಗೆ ಒಂದು ಲೆಕ್ಕ. ಒಂದು ಸಾವಿರ ಮೀಟರ್ ಮೇಲೇರಿದರೆ ನೇರಳಾತೀತ ಕಿರಣ ಸುಮಾರು ಶೇ 10 ಹೆಚ್ಚುತ್ತದೆ. ಹೊಸ ಹಿಮ ಆ ಕಿರಣದ ಶೇ 80ರವರೆಗೆ ಮೇಲಕ್ಕೆ ಎಸೆಯುತ್ತದೆ, ನಮ್ಮ ಹೊಲದ ಮಣ್ಣು ಶೇ 10ನ್ನೂ ಎಸೆಯುವುದಿಲ್ಲ. ಕಪ್ಪು ಚರ್ಮಕ್ಕೆ ಮೆಲನಿನ್‌ನ ರಕ್ಷಣೆ ಸ್ವಲ್ಪ ಇದೆ, ಕಣ್ಣಿನ ಪಾರದರ್ಶಕ ಪೊರೆಗೆ ಇಲ್ಲ. ಕಪ್ಪು ಕನ್ನಡಕ ಬಿಟ್ಟು ದಿನವಿಡೀ ಆಡಿದವರಿಗೆ ಆರು ತಾಸಿನ ಮೇಲೆ, ರಾತ್ರಿ, ಕಣ್ಣಲ್ಲಿ ಮರಳು ಹೊಯ್ದಂತೆ ಉರಿ ಏಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಬರಿಗಣ್ಣಲ್ಲಿ ನೋಡಿದವರಿಗೆ ಆಗುವುದೂ ಇದೇ. ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ವಿಶ್ರಾಂತಿ ಕೊಟ್ಟರೆ ಒಂದೆರಡು ಮೂರು ದಿನದಲ್ಲಿ ವಾಸಿಯಾಗುತ್ತದೆ. ಹಾಲು, ಹರಳೆಣ್ಣೆ, ಜೇನು ಹಾಕಲು ಹೇಳುವ ಫಾರ್ವರ್ಡ್ ಅಳಿಸಿಬಿಡಿ.

ಮತ್ತೊಂದು ಮಾತು, ‘ಇದು ಬಿಳಿಯರ ಆಟ, ನಮ್ಮ ಮೈಗೆ ಒಗ್ಗೂದಿಲ್ಲ’. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಸುವ ಸರ್ಕಾರಿ ಸಂಸ್ಥೆ 1968ರಿಂದ ಇದೆ. ಆ ಕಡೆಯವರೇ ಆದ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮವೇ ಬೀಳದ ಜಿಲ್ಲೆಯಲ್ಲಿ ಹುಟ್ಟಿ, ಹಿಮದ ಮೇಲೆ ದೂರ ಓಡುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಮೈಗೆ ಒಗ್ಗುವುದು ಅಭ್ಯಾಸದಿಂದ.

ಯಾರೂ ಫಾರ್ವರ್ಡ್ ಮಾಡದ ಅಪಾಯ

2024ರ ಡಿಸೆಂಬರ್ 14ರಂದು ಅದೇ ಗುಡೌರಿಯಲ್ಲಿ ಒಂದು ರೆಸ್ಟೋರೆಂಟ್‌ನ ಮೇಲಿನ ಮಲಗುವ ಕೋಣೆಗಳಲ್ಲಿ 12 ಜನ ಸತ್ತಿದ್ದು ಕಂಡುಬಂತು. ಹೆಚ್ಚಿನವರು ಅಲ್ಲಿ ಕೆಲಸಕ್ಕಿದ್ದ ಭಾರತೀಯರು. ಮೈಮೇಲೆ ಗಾಯದ ಗುರುತಿರಲಿಲ್ಲ. ವಿದ್ಯುತ್ ಹೋದಾಗ ಮಲಗುವ ಕೋಣೆಗಳ ಹತ್ತಿರ ಮುಚ್ಚಿದ ಜಾಗದಲ್ಲಿ ಜನರೇಟರ್ ಹಚ್ಚಿದ್ದರು, ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಮಲಗಿದ್ದವರನ್ನು ಕೊಂದಿತ್ತು. ಇಳಿಜಾರಿನಿಂದ ಬಿದ್ದು ಒಂದೇ ದಿನ ಇಷ್ಟು ಭಾರತೀಯರು ಸತ್ತಿದ್ದರೆ ಆ ವಿಡಿಯೊ ಇಷ್ಟೊತ್ತಿಗೆ ಎಲ್ಲರ ಫೋನಲ್ಲಿರುತ್ತಿತ್ತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ಗುಡ್ಡದ ಮೇಲೆ ಎಲ್ಲರೂ ಇದನ್ನು ಎತ್ತರದ ತಲೆನೋವು ಎಂದೋ, ದಿನದ ದಣಿವು ಎಂದೋ, ರಾತ್ರಿ ಕುಡಿದದ್ದರ ಫಲ ಎಂದೋ ತಿಳಿಯುತ್ತಾರೆ. ಮಲಗಿದ್ದರೆ ಎಚ್ಚರವೇ ಆಗುವುದಿಲ್ಲ. ನಮ್ಮಲ್ಲಿ ಚಳಿಗೆ ಬಾಗಿಲು ಹಾಕಿಕೊಂಡು ಒಳಗೆ ಇದ್ದಲು ಕೆಂಡ ಇಟ್ಟು ಮಲಗಿದವರು ಸಾಯುವುದೂ ಇದರಿಂದಲೇ.

ಅಗ್ಗದ ಕೋಣೆ ಹಿಡಿಯುವ ವಿದ್ಯಾರ್ಥಿಗಳು ಒಳಗೆ ಕಾಲಿಟ್ಟ ಕೂಡಲೇ ನೋಡಬೇಕಾದದ್ದು ವೈಫೈ ಪಾಸ್‌ವರ್ಡ್ ಅಲ್ಲ. ಕೋಣೆ ಬಿಸಿ ಮಾಡುವುದು ಗ್ಯಾಸಿನಿಂದಲೋ, ಕಟ್ಟಿಗೆಯಿಂದಲೋ, ಅದರ ಹೊಗೆ ಎಲ್ಲಿಗೆ ಹೋಗುತ್ತದೆ, ಕರೆಂಟ್ ಹೋದರೆ ಜನರೇಟರ್ ಎಲ್ಲಿದೆ? ಬ್ಯಾಟರಿ ಹಾಕುವ ಸಣ್ಣ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಸಿಗುತ್ತದೆ, ನಾಲ್ವರು ಹಂಚಿಕೊಂಡರೆ ಒಂದು ಊಟದ ಖರ್ಚು. ಒಂದೇ ಕೋಣೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಶುರುವಾಗಿ, ಹೊರಗೆ ಬಂದರೆ ಕಡಿಮೆಯಾಗುತ್ತಿದ್ದರೆ ಮತ್ತೆ ಒಳಗೆ ಹೋಗಬಾರದು. ಎಲ್ಲರನ್ನೂ ಎಬ್ಬಿಸಿ ಹೊರಗೆ ತಂದು, ಜಾರ್ಜಿಯಾ ಮತ್ತು ಯುರೋಪಿನಲ್ಲಾದರೆ 112ಕ್ಕೆ, ಅಮೆರಿಕ, ಕೆನಡಾದಲ್ಲಾದರೆ 911ಕ್ಕೆ ಕರೆ ಮಾಡಬೇಕು. ಸೇರಿಕೊಂಡ ಅನಿಲದಲ್ಲಿ ಅರ್ಧದಷ್ಟು ರಕ್ತದಿಂದ ಹೊರಹೋಗಲು ಬರೀ ಗಾಳಿಯಲ್ಲಿ ನಾಲ್ಕೈದು ತಾಸು ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು, ಒಂದೂವರೆ ತಾಸು ಸಾಕು.